ಕಳ್ಳಮೌನ, ಆರ್ಯಮೌನ



ಇವತ್ತು ಒಂದು ಹಾಡಿನಿಂದ ಶುರು ಮಾಡುತ್ತೇನೆ. ಸುತ್ತಕ್ಕೆ ಆಮೇಲೆ ಬರೋಣ.

ಹೋದ ತಿಂಗಳು ಮಗಳ ಜೊತೆ ರೈಲಿನಲ್ಲಿ ಚೆನ್ನೈಗೆ ಹೋಗುತ್ತಿದ್ದೆ. ಅರಕ್ಕೋಣಂ ಹತ್ತಿರ ಬಂದಾಗ ಅವಳು, "ಅಪ್ಪ, ಇದು ಅರಿವು ಊರು. ಕೇಳು" ಎಂದು ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಇಟ್ಟಳು. 2021ರಲ್ಲಿ ಮನೆಮನೆಯಲ್ಲೂ ಕೇಳಿಬಂದ 'ಎಂಜಾಯ್ ಎಂಜಾಮಿ' ಹಾಡನ್ನು ಬರೆದು, ಧೀ ಜೊತೆ ಹಾಡಿದ ಹುಡುಗನೇ ಈ ಅರಿವು. ಅದಕ್ಕೂ ಮೊದಲು, 2019ರಲ್ಲಿ, ಆಫ್‌ರೋ ಎಂಬ ಸಂಗೀತಗಾರರ ಜೊತೆ ಸೇರಿ ತಂದ ಮೊದಲ ಆಲ್ಬಂ 'ತೆರುಕ್ಕುರಲ್' ಅವಳ ಫೋನಿನಲ್ಲಿತ್ತು. ನಾನು ಕೋಲಾರದ ಕಡೆಯವನು, ತಮಿಳು ಕಿವಿಗೆ ಹೊಸದಲ್ಲ. ಆದರೂ ಇಷ್ಟು ವರ್ಷ ಈ ಆಲ್ಬಂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಹೆಸರನ್ನೇ ನೋಡಿ. ತಿರುವಳ್ಳುವರರ ಗ್ರಂಥ 'ತಿರುಕ್ಕುರಳ್'. ಈ ಹುಡುಗ ಇಟ್ಟದ್ದು 'ತೆರುಕ್ಕುರಲ್'. ತೆರು ಎಂದರೆ ಬೀದಿ, ಕುರಲ್ ಎಂದರೆ ದನಿ. ನಮ್ಮ ಕನ್ನಡದ ಕೊರಳು ಅದರ ಒಡಹುಟ್ಟು. ಬೀದಿಯ ಕೊರಳು!

ಈ ಹೆಸರಿನ ಹಿಂದೆ ನಮ್ಮದೇ ಒಂದು ಚರಿತ್ರೆಯಿದೆ. ತಿರುಕ್ಕುರಳಿನ ತಾಳೆಗರಿಯನ್ನು ಮದ್ರಾಸಿನ ಎಲ್ಲಿಸ್ ಸಾಹೇಬರಿಗೆ ತಲುಪಿಸಿದ್ದು ಬಿಳಿಯರ ಮನೆಯಲ್ಲಿ ಬಟ್ಲರ್ ಆಗಿದ್ದ ತಮ್ಮ ತಾತ ಕಂದಪ್ಪನವರು ಎಂದು ಅಯೋತಿದಾಸ ಪಂಡಿತರು ಬರೆದಿದ್ದಾರೆ. ಪಂಡಿತರು ಅದನ್ನು ಬೌದ್ಧ ಗ್ರಂಥವೆಂದೇ ಓದಿದರು. 1898ರಲ್ಲಿ ಶ್ರೀಲಂಕಾಕ್ಕೆ ಹೋಗಿ ಪಂಚಶೀಲ ಸ್ವೀಕರಿಸಿ, ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. ಬಾಬಾಸಾಹೇಬರ ನಾಗಪುರದ ದೀಕ್ಷೆಗೆ 58 ವರ್ಷ ಮೊದಲು! ನಮ್ಮ ಕೆ.ಜಿ.ಎಫ್.ನ ಮಾರಿಕುಪ್ಪಂ, ಚಾಂಪಿಯನ್ ರೀಫ್‌ನ ಗಣಿ ಕಾರ್ಮಿಕರ ನಡುವೆಯೂ ಆ ಸಂಘದ ಶಾಖೆಗಳು ಎದ್ದವು. 'ಜಾತಿಯಿಲ್ಲದ ತಮಿಳರು' ಎಂಬ ಪಂಡಿತರ ಮಾತಿನಿಂದಲೇ ಪಾ. ರಂಜಿತ್ ತಂಡಕ್ಕೆ 'ಕಾಸ್ಟ್‌ಲೆಸ್ ಕಲೆಕ್ಟಿವ್' ಎಂದು ಹೆಸರು ಬಂತು. 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಸಲ ವೇದಿಕೆಯೇರಿದ ಆ ತಂಡದಲ್ಲೇ ಅರಿವು ಬೆಳೆದದ್ದು.

ಆಲ್ಬಂನಲ್ಲಿ ಒಂದು ಹಾಡಿನ ಹೆಸರು 'ಕಳ್ಳಮೌನಿ'. ಅದಕ್ಕೆ ಅನುವಾದ ಬೇಕಿಲ್ಲ. ಬಾಯಿ ಇದ್ದೂ, ವಿಷಯ ಗೊತ್ತಿದ್ದೂ, ತನ್ನ ಅನುಕೂಲಕ್ಕೆ ಸುಮ್ಮನಿರುವವನು. ಹಾಡಿನ ಉಳಿದ ಮಾತುಗಳು ಆಮೇಲೆ ಕಿವಿಗೆ ಬೀಳಲೇ ಇಲ್ಲ. ಆ ಹೆಸರೇ ಎದೆಯಲ್ಲಿ ಸಿಕ್ಕಿಕೊಂಡಿತು.

ಯಾಕೆಂದು ಹೇಳುತ್ತೇನೆ. ನಾನು ನೌಕರಿಯಲ್ಲಿದ್ದಾಗ ನಮ್ಮ ಸಮುದಾಯದ ಒಬ್ಬ ಹುಡುಗಿ ಹೊಸದಾಗಿ ಸೇರಿದಳು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಒಬ್ಬರು, "ಕೋಟಾದಲ್ಲಿ ಬಂದೋರಿಗೆ ಒಂದು ಲೆಟರ್ ಬರೆಯೋಕೂ ಬರಲ್ಲ" ಎಂದರು. ಎಲ್ಲರೂ ನಕ್ಕರು. ಆಕೆ ನನ್ನ ಮುಖ ನೋಡಿದಳು. ಅಲ್ಲಿ ಕೂತವರಲ್ಲಿ ನಾನೇ ಸೀನಿಯರ್. ನಾನು ಟಿಫನ್ ಡಬ್ಬಿ ನೋಡುತ್ತಾ ಊಟ ಮುಗಿಸಿದೆ. ಆ ಸಂಜೆ ಎಂದಿನಂತೆ ಆನಾಪಾನಕ್ಕೆ ಕೂತೆ. 'ನಾನು ಉಪೇಕ್ಷೆಯಲ್ಲಿದ್ದೆ' ಎಂದು ಮನಸ್ಸಿಗೆ ಹೇಳಿಕೊಂಡೆ. ಕೆಲವು ತಿಂಗಳಿಗೆ ಆಕೆ ವರ್ಗ ಮಾಡಿಸಿಕೊಂಡು ಹೋದಳು.

ಧಮ್ಮಬಂಧುಗಳೇ, ಭಗವಾನರು ಮೌನವನ್ನು ಹೊಗಳಿದ್ದಾರೆ, ನಿಜ. ಭಿಕ್ಖುಗಳು ಒಂದೆಡೆ ಸೇರಿದಾಗ ಧಮ್ಮದ ಮಾತಾಡಬೇಕು, ಇಲ್ಲವೇ ಆರ್ಯಮೌನದಲ್ಲಿರಬೇಕು ಎಂದು ಅರಿಯಪರಿಯೇಸನ ಸುತ್ತದಲ್ಲಿದೆ. ಆದರೆ ಧಮ್ಮಪದದ ಧಮ್ಮಟ್ಠ ವಗ್ಗದಲ್ಲಿ, ತಿಳಿವಿಲ್ಲದವನು ಸುಮ್ಮನೆ ಬಾಯಿಮುಚ್ಚಿ ಕೂತ ಮಾತ್ರಕ್ಕೆ ಮುನಿಯಾಗುವುದಿಲ್ಲ ಎಂದೂ ಎಚ್ಚರಿಸಿದ್ದಾರೆ. ವಿಸುದ್ಧಿಮಗ್ಗದಲ್ಲಿ ಬುದ್ಧಘೋಷರು ಉಪೇಕ್ಷೆಗೆ ಎರಡು ಬಗೆಯ ಶತ್ರುಗಳನ್ನು ಹೇಳುತ್ತಾರೆ. ದೂರದ ಶತ್ರುಗಳು ರಾಗ, ದ್ವೇಷ. ಇವನ್ನು ಗುರುತಿಸುವುದು ಸುಲಭ. ಹತ್ತಿರದ ಶತ್ರು ಅಜ್ಞಾನದ ಉದಾಸೀನ. ಅದು ಉಪೇಕ್ಷೆಯ ವೇಷದಲ್ಲೇ ಬರುತ್ತದೆ. ನನ್ನ ಮನೆಗೆ ಬಂದದ್ದು ಅದೇ.

ಹಾಗಾದರೆ ಯಾವಾಗ ಮಾತಾಡಬೇಕು? ಅಭಯರಾಜಕುಮಾರ ಸುತ್ತದಲ್ಲಿ ಉತ್ತರವಿದೆ. ರಾಜಕುಮಾರ ಅಭಯನ ತೊಡೆಯ ಮೇಲೆ ಪುಟ್ಟ ಮಗುವಿತ್ತು. ಈ ಮಗು ಬಾಯಿಗೆ ಕಲ್ಲೋ ಕಡ್ಡಿಯೋ ಹಾಕಿಕೊಂಡರೆ ಏನು ಮಾಡುತ್ತೀಯ ಎಂದು ಭಗವಾನರು ಕೇಳಿದರು. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲೆ ನನಗೆ ಕರುಣೆಯಿದೆ ಎಂದ ಅಭಯ. ಹಾಗೆಯೇ ಮಾತು ಸತ್ಯವಾಗಿದ್ದು, ಹಿತವಾಗಿದ್ದರೆ, ಕೇಳುವವರಿಗೆ ಅಪ್ರಿಯವಾದರೂ ತಥಾಗತರು ಕಾಲವರಿತು ಅದನ್ನು ಆಡುತ್ತಾರೆ.

ಈ ಹುಡುಗರ ಹಾಡಿನಲ್ಲಿ ಬರೀ ಸಿಟ್ಟಿದೆ ಎಂದು ನಮ್ಮ ಬಳಗದ ಹಿರಿಯರು ಕೆಲವರು ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಈಗ ಕಲ್ಲು ತೆಗೆಯುವ ಆ ಬೆರಳು ನೆನಪಾಗುತ್ತದೆ. ಅದು ಮೆತ್ತಗಿರಲು ಸಾಧ್ಯವಿಲ್ಲ. ಮನಸ್ಸಿನಲ್ಲಿ ಕರುಣೆಯಿದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಅಂದು ಆ ಸಹೋದ್ಯೋಗಿಗೆ ದ್ವೇಷವಿಲ್ಲದೆ, "ಈ ಮಾತು ತಪ್ಪು" ಎಂದು ನಾನು ಹೇಳಿದ್ದರೆ ಅದು ಆ ಹುಡುಗಿಗೂ ಹಿತ, ಅವರಿಗೂ ಹಿತ.

ಊರಿಗೆ ಬಂದ ಮೇಲೆ ನಂಬರ್ ಹುಡುಕಿ ಆಕೆಗೆ ಫೋನ್ ಮಾಡಿದೆ. ಈಗ ಆಕೆಯೇ ದೊಡ್ಡ ಹುದ್ದೆಯಲ್ಲಿದ್ದಾರೆ. ಅಂದಿನ ವಿಷಯ ಹೇಳಿ, "ಕ್ಷಮಿಸಿ ತಾಯಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಹೇಳಿದರು: "ಸಾರ್, ನಿಮ್ಮ ಡ್ರಾಯರಿನೊಳಗೆ ಬಾಬಾಸಾಹೇಬರ ಫೋಟೋ ಇರೋದು ನಂಗೆ ಗೊತ್ತಿತ್ತು. ಅದಕ್ಕೇ ನಿಮ್ಮ ಮುಖ ನೋಡಿದ್ದು."

ಇಂದಿನ ಅಭ್ಯಾಸ: ಸಂಜೆ ಧ್ಯಾನಕ್ಕೆ ಕೂರುವ ಮುನ್ನ, ಇವತ್ತು ನಾನು ಎಲ್ಲಿ ಸುಮ್ಮನಿದ್ದೆ ಎಂದು ನೆನಪಿಸಿಕೊಳ್ಳೋಣ. ಅದು ಆರ್ಯಮೌನವೋ ಕಳ್ಳಮೌನವೋ ನಮ್ಮ ಮನಸ್ಸಿಗೆ ತಿಳಿದೇ ಇರುತ್ತದೆ. ಕಳ್ಳಮೌನವಾಗಿದ್ದರೆ ನಾಳೆ ಒಂದು ಮಾತಾದರೂ ಆಡೋಣ. ಮನೆಯ ಮಕ್ಕಳು ಏನು ಕೇಳುತ್ತಿದ್ದಾರೆ ಎಂದು ಒಮ್ಮೆ ಪಕ್ಕದಲ್ಲಿ ಕೂತು ಕೇಳೋಣ.

ಭವತು ಸಬ್ಬ ಮಂಗಲಂ. ಜೈಭೀಮ್. 🙏