ಪುಕ್ಕಟೆ ಸೌದೆಯ ಬೆಲೆ

ವಾಯುಮಾಲಿನ್ಯ ಎಂದೊಡನೆ ನಮಗೆ ನೆನಪಾಗುವುದು ದೆಹಲಿಯ ಚಳಿಗಾಲ, ಹತ್ತಿರದಲ್ಲೆಂದರೆ ಹುಬ್ಬಳ್ಳಿ-ಧಾರವಾಡ. 2019ರಲ್ಲಿ ಕೇಂದ್ರ ಸರಕಾರ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ ಆಯ್ಕೆಯಾದ ಕರ್ನಾಟಕದ ನಾಲ್ಕು ನಗರಗಳಲ್ಲಿ ಅದೂ ಒಂದು. ಮುಂಡಗೋಡ ತಾಲೂಕಿನ ಪಾಳಾದಂಥ ಊರು ಇಂಥ ಪಟ್ಟಿಗೆ ಸೇರುವುದಿಲ್ಲ. ದಾಂಡೇಲಿಯಲ್ಲಿರುವಂತೆ ಇಲ್ಲಿ ಕಾಗದದ ಗಿರಣಿಯಿಲ್ಲ. ಆದರೆ ಪಟ್ಟಿ ಮಾಡುವವರು ಅಳೆಯುವುದು ಬೀದಿಯ ಗಾಳಿಯನ್ನು. ಈ ಸೀಮೆಯ ಹೊಗೆ ಇರುವುದು ಹೆಂಚಿನ ಮಾಡಿನ ಕೆಳಗೆ, ಒಲೆಯ ಮುಂದೆ.

ಹೊಗೆಯಿಂದ ಕೆಡುವುದು ಕಣ್ಣು ಮತ್ತು ಶ್ವಾಸಕೋಶ ಮಾತ್ರ ಎಂದು ತಿಳಿದಿದ್ದೆವು. ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣದಾದ ಅದರ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉರಿಯೂತ ಹುಟ್ಟಿಸುತ್ತವೆ. ರಕ್ತನಾಳಗಳ ಒಳಪದರ ಕೆಡುತ್ತದೆ, ಕೊಬ್ಬು ಕಟ್ಟುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಇದು ಒಂದು ದಿನದ ಕೆಲಸವಲ್ಲ, ಇಪ್ಪತ್ತು ಮೂವತ್ತು ವರ್ಷಗಳದ್ದು. ಇಂಥ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ಸರಕಾರದ ಮಿತಿ 40. ಸೌದೆ ಒಲೆ ಉರಿಯುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಅದು ನೂರುಗಟ್ಟಲೆ ಇರುತ್ತದೆ.

ಎದೆನೋವೆಂದು ಹೋದ ಗಂಡಸನ್ನು ವೈದ್ಯರು ಬೀಡಿ ಸೇದುತ್ತೀಯಾ ಎಂದು ಕೇಳುತ್ತಾರೆ. ಹೆಂಗಸು ಸೇದುವುದಿಲ್ಲವಲ್ಲ, ಅಲ್ಲಿಗೆ ಮಾತು ಮುಗಿಯಿತು. ಏದುಸಿರು, ಸುಸ್ತು, ಹೊಟ್ಟೆ ತೊಳಸು ಎಂದರೆ "ಗ್ಯಾಸ್ ಆಗಿರಬೇಕು" ಎನ್ನುತ್ತೇವೆ. ಗ್ಯಾಸ್ ಇದ್ದಿದ್ದರೆ ಈ ಸಂಕಟವೇ ಬರುತ್ತಿರಲಿಲ್ಲವೇನೋ!

ಹಾಗಾದರೆ ತಪ್ಪು ಯಾರದು? ಇಲ್ಲಿ ಹೊಡೆದವರಿಲ್ಲ, ವಿಷ ಹಾಕಿದವರಿಲ್ಲ. ಶುದ್ಧ ಗಾಳಿ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಆದರೆ ಆಕೆ ಯಾರ ಮೇಲೆ ದಾವೆ ಹೂಡಬೇಕು? ಒಲೆ ಹಚ್ಚಿದವಳು ಆಕೆಯೇ ಎನ್ನಬಹುದು. ಈ ವಾದವನ್ನು ನಾನು ಒಪ್ಪಲಾರೆ. 2016ರ ಉಜ್ವಲಾ ಯೋಜನೆ ಬಡವರ ಮನೆಗೆ ಸಿಲಿಂಡರ್ ತಂದಿತು ನಿಜ. ಅದು ಖಾಲಿಯಾದಾಗ ತುಂಬಿಸಲು ರೊಕ್ಕ ಬೇಕು. ರೊಕ್ಕ ಇರುವುದು ಯಾರ ಜೇಬಿನಲ್ಲಿ? ಕಾಡಿನ ಸೌದೆ ಪುಕ್ಕಟೆ ಎನ್ನುತ್ತೇವೆ. ಹೊತ್ತು ತರುವ ಬೆನ್ನಿಗೂ ಊದುವ ಎದೆಗೂ ಬೆಲೆ ಕಟ್ಟದಿದ್ದರೆ ಮಾತ್ರ ಅದು ಪುಕ್ಕಟೆ. ಆ ಒಲೆಯ ಮೇಲೆ ಬೆಂದ ಅನ್ನವನ್ನು ಮನೆಮಂದಿಯೆಲ್ಲ ಉಂಡಿದ್ದೇವೆ.

ಇದು ಹಣೆಬರಹವೂ ಅಲ್ಲ. ಚೀನಾದ ಹಳ್ಳಿಗಳ 2 ಲಕ್ಷ 71 ಸಾವಿರ ಜನರನ್ನು ಸುಮಾರು ಏಳು ವರ್ಷ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸೌದೆ, ಕಲ್ಲಿದ್ದಲು ಬಿಟ್ಟು ಶುದ್ಧ ಇಂಧನಕ್ಕೆ ಬದಲಾದವರಲ್ಲಿ ಹೃದಯ-ರಕ್ತನಾಳದ ಕಾಯಿಲೆಯಿಂದಾಗುವ ಸಾವು ಕಡಿಮೆಯಿತ್ತು. ಹೊಗೆ ಹೊರಹೋಗುವ ವ್ಯವಸ್ಥೆಯಿದ್ದ ಅಡುಗೆಮನೆಗಳಲ್ಲೂ ಅಷ್ಟೇ. (ಹೊರಹೋದ ಹೊಗೆ ನೆರೆಮನೆಯ ಕಿಟಕಿಗೆ ಹೋಗಬಾರದು, ಅದು ಬೇರೆ ಮಾತು.)

ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲ ಹಂಡೆಯ ಕೆಳಗೆ ಇನ್ನೂ ಸೌದೆಯೇ ಉರಿಯುತ್ತದೆ. ಮಳೆಗಾಲದಲ್ಲಿ ಸೌದೆ ಹಸಿ, ಹೊಗೆ ಇಮ್ಮಡಿ. ಬಿಸಿನೀರು ಎಲ್ಲರಿಗೂ ಬೇಕು. ಆ ಉರಿಯನ್ನು ಮುಂದೂಡುತ್ತ ಕುಳಿತಿರುವವಳು ಮಾತ್ರ ಒಬ್ಬಳೇ.