ದೇಹದ ಬಾಯಿ ಕಟ್ಟುವ ಮಾತ್ರೆ

ಜಲನಗರದ ಔಷಧಿ ಅಂಗಡಿಯೊಂದಕ್ಕೆ ನಾವು ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತೇವೆ. ಸ್ತನದ ಕ್ಯಾನ್ಸರಿನಿಂದ ಬದುಕುಳಿದಿರುವ ನಮ್ಮ ಖಾಲಾಗೆ ಟ್ಯಾಮೋಕ್ಸಿಫೆನ್ ಮಾತ್ರೆ ಬೇಕು. ಐದು ವರ್ಷ ಬಿಡದೆ ನುಂಗಬೇಕೆಂದು ವೈದ್ಯರು ಹೇಳಿದ್ದಾರೆ. ಮೈ ಒಮ್ಮೆಲೇ ಬಿಸಿಯೇರುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಆದರೂ ಆಕೆ ಒಂದು ದಿನ ಬಿಟ್ಟವರಲ್ಲ.

ಒಂದು ಸಂಜೆ ನಾವು ಮಾತ್ರೆಗಾಗಿ ಕಾಯುತ್ತಿದ್ದಾಗ, ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ದನಿ ತಗ್ಗಿಸಿ ಅದೇ ಮಾತ್ರೆಯ ಹೆಸರು ಹೇಳಿದ. ವಯಸ್ಸು ಇಪ್ಪತ್ತು ದಾಟಿರಲಿಕ್ಕಿಲ್ಲ. ಕುತ್ತಿಗೆ, ಭುಜ ನೋಡಿದರೆ ಪೈಲ್ವಾನನೆಂದು ಯಾರಾದರೂ ಹೇಳುವಂತಿದ್ದ. ಅಂಗಡಿಯವರು ಕೇಳಿದರು: "ಚೀಟಿ ಎಲ್ಲೈತಿ?"

"ಚೀಟಿ ಇಲ್ರಿ. ನಮ್ಮ ಅವ್ವಗ ಬೇಕಾಗ್ಯಾವ್ರಿ."

"ಅವ್ವಗಾದ್ರ ಅವ್ವನ ಚೀಟಿ ತಾ."

ಹುಡುಗ ಹೊರಗೆ ನಡೆದ. ನಾವೂ ಹಿಂದೆಯೇ ಹೋಗಿ, ಅವ್ವಗ ಏನಾಗೇತಿ ತಮ್ಮಾ ಎಂದು ಕೇಳಿದೆವು. ನಮ್ಮ ಮನೆಯಲ್ಲೂ ಅದೇ ಕಾಯಿಲೆ ಇದ್ದುದರಿಂದ ಕೇಳಿದ್ದು, ತನಿಖೆಗಲ್ಲ. ಅವನು ತುಸು ಹೊತ್ತು ಸುಮ್ಮನಿದ್ದು, "ಅವ್ವಗ ಏನೂ ಆಗಿಲ್ರಿ ಕಾಕಾ" ಎಂದ. ಆಮೇಲೆ ಉಳಿದುದೂ ಹೊರಬಂತು. ಊರು ತಿಕೋಟಾ ಕಡೆ, ಮನೆಯಲ್ಲಿ ದ್ರಾಕ್ಷಿ ತೋಟ, ಕುಸ್ತಿಯ ಹುಚ್ಚು, ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕೀತೆಂಬ ಆಸೆ. ತಾಲೀಮಿನಲ್ಲಿ ಯಾರೋ ಇಂಜೆಕ್ಷನ್ ಕೊಟ್ಟಿದ್ದರು. ಮೈ ಬೆಳೆಯಿತು, ಜೊತೆಗೆ ಎದೆಯಲ್ಲಿ ಗಡ್ಡೆಯಂಥದ್ದೂ ಬೆಳೆಯಿತು. ಅದಕ್ಕೆ ಈ ಮಾತ್ರೆ ನುಂಗು ಎಂದು ಅದೇ ವ್ಯಕ್ತಿ ಹೇಳಿದ್ದನಂತೆ.

ಇದು ಮೋಸವಲ್ಲವೇ ಎಂದಾಗ ಹುಡುಗ ಕೊಟ್ಟ ಉತ್ತರ ನಮ್ಮನ್ನು ಇಂದಿಗೂ ಕಾಡುತ್ತಿದೆ. "ಕಾಕಾ, ನಮ್ಮಪ್ಪ ದ್ರಾಕ್ಷಿ ಗೊನಿ ಜಿ.ಎ.ದಾಗ ಅದ್ದತಾನ. ಅದಕ್ಕ ಯಾರೂ ಮೋಸ ಅನ್ನೂದಿಲ್ಲ. ನಾ ತಗೊಂಡ್ರ ಅಷ್ಟ ಯಾಕ ಮೋಸ?"

ತಿಕೋಟಾ, ಬಬಲೇಶ್ವರ ಭಾಗದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಜಿ.ಎ. ಎಂದರೆ ಜಿಬ್ಬರೆಲಿಕ್ ಆಸಿಡ್, ಸಸ್ಯಗಳ ಹಾರ್ಮೋನು. ಕಾಯಿ ದಪ್ಪಗಾಗಲು ಬೇಕಾದ ಈ ಹಾರ್ಮೋನನ್ನು ಸಾಮಾನ್ಯವಾಗಿ ಬೀಜವೇ ಒದಗಿಸುತ್ತದೆ. ಥಾಮ್ಸನ್ ಸೀಡ್‌ಲೆಸ್‌ನಂಥ ತಳಿಗೆ ಬೀಜವಿಲ್ಲದ್ದರಿಂದ ಕಾಯಿ ಸಣ್ಣದಾಗಿಯೇ ಉಳಿಯುತ್ತದೆ. ಹೀಗಾಗಿ ಚಾಟ್ನಿಯ ನಂತರ ಹೂವು, ಕಾಯಿಯ ಹಂತ ನೋಡಿ ರೈತರು ಗೊನೆಗಳನ್ನು ಆ ದ್ರಾವಣದಲ್ಲಿ ಅದ್ದುತ್ತಾರೆ ಅಥವಾ ಮೇಲೆ ಸಿಂಪಡಿಸುತ್ತಾರೆ. ಪೇಟೆಗೆ ಬೇಕಾದ ಗಾತ್ರ ಬರುವುದು ಹಾಗೆ.

ಹುಡುಗನ ಎದೆಯಲ್ಲಿ ನಡೆದದ್ದೇನು? ಗಂಡಿನ ದೇಹದಲ್ಲೂ ಈಸ್ಟ್ರೊಜೆನ್ ಇರುತ್ತದೆ. ಮೂಳೆ ಗಟ್ಟಿಯಾಗಿರಲು ಅದು ಬೇಕೇ ಬೇಕು. ಟೆಸ್ಟೊಸ್ಟೆರೋನ್ ಅಥವಾ ಅದರ ಜಾತಿಯ ಹಲವು ಸ್ಟೀರಾಯ್ಡುಗಳು ಹೊರಗಿನಿಂದ ವಿಪರೀತ ಬಂದು ಸೇರಿದಾಗ, ಅರೋಮಟೇಸ್ ಎಂಬ ಕಿಣ್ವವು ಹೆಚ್ಚಾದುದರಲ್ಲಿ ಒಂದು ಪಾಲನ್ನು ಈಸ್ಟ್ರೊಜೆನ್ ಆಗಿ ಮಾರ್ಪಡಿಸುತ್ತದೆ. ಆಗ ಎದೆ ಉಬ್ಬುತ್ತದೆ. ಲೆಟ್ರೊಝೋಲ್, ಅನಾಸ್ಟ್ರೊಝೋಲ್ ಮಾತ್ರೆಗಳು ಆ ಕಿಣ್ವವನ್ನೇ ತಡೆಯುತ್ತವೆ. ಟ್ಯಾಮೋಕ್ಸಿಫೆನ್ ಎದೆಯ ಅಂಗಾಂಶದಲ್ಲಿ ಈಸ್ಟ್ರೊಜೆನ್ ಕೆಲಸ ಮಾಡದಂತೆ ಅಡ್ಡ ನಿಲ್ಲುತ್ತದೆ. ಇನ್ನೂ ಒಂದು ಉಪಾಯವಿದೆ. ಈಸ್ಟ್ರೊಜೆನ್ ಕಡಿಮೆಯಾಯಿತೆಂದು ಭ್ರಮಿಸಿದ ಮೆದುಳು ವೃಷಣಗಳಿಗೆ ಹೆಚ್ಚು ಆಜ್ಞೆ ಕಳುಹಿಸುತ್ತದೆ, ದೇಹದ ಸ್ವಂತ ಟೆಸ್ಟೊಸ್ಟೆರೋನ್ ಏರುತ್ತದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಮೊದಲು ಇವುಗಳನ್ನು ಗಂಡಸರಿಗೆ ಮಾತ್ರ ನಿಷೇಧಿಸಿತ್ತು, 2005ರಿಂದ ಎಲ್ಲ ಕ್ರೀಡಾಳುಗಳಿಗೂ ನಿಷೇಧಿಸಿದೆ.

ಎದುರಾಳಿಗೆ ಅನ್ಯಾಯವಾಗುತ್ತದೆ, ಆದ್ದರಿಂದ ಇದು ತಪ್ಪು ಎಂಬುದು ಸಾಮಾನ್ಯ ಉತ್ತರ. ಇದರಿಂದ ನಮಗೆ ಪೂರ್ತಿ ಸಮಾಧಾನವಾಗಿಲ್ಲ. ನಮ್ಮದು ಸೈಕಲ್ ಪಟುಗಳ ಜಿಲ್ಲೆ. ಹೊಲದ ದಾರಿಯಲ್ಲಿ ಹಳೆಯ ಸೈಕಲ್ ತುಳಿದು ಕಲಿತ ಹುಡುಗಿ, ಲಕ್ಷಗಟ್ಟಲೆ ಬೆಲೆಯ ಸೈಕಲ್ ಏರಿದವಳ ಪಕ್ಕದಲ್ಲೇ ನಿಲ್ಲುತ್ತಾಳೆ. ಒಬ್ಬ ಪೈಲ್ವಾನನ ಮನೆಯಲ್ಲಿ ಹಾಲು, ತುಪ್ಪ, ಬಾದಾಮಿಯ ಖುರಾಕು. ಇನ್ನೊಬ್ಬನಿಗೆ ರೊಟ್ಟಿ, ಹಿಂಡಿ. ಈ ಅಸಮಾನತೆಗೆ ಯಾರೂ ನಿಷೇಧ ಹೇರಿಲ್ಲ. ಹೀಗಿರುವಾಗ ಮಾತ್ರೆಯೊಂದನ್ನೇ ಹಿಡಿದು ಅನ್ಯಾಯವೆಂದರೆ ಹುಡುಗ ನಗದೆ ಇದ್ದಾನೆಯೇ?

ನಮಗೆ ಹೆಚ್ಚು ಸರಿಯೆನಿಸುವ ಉತ್ತರ ಅವನ ಅಪ್ಪನ ತೋಟದಲ್ಲೇ ಇದೆ. ದ್ರಾಕ್ಷಿ ಬೆಳೆಗಾರ ಜಿ.ಎ. ಹೊಡೆಯುವುದು ಹಗಲಲ್ಲಿ. ಎಷ್ಟು ಪಿಪಿಎಂ ಹಾಕಿದಿ ಎಂದು ಪಕ್ಕದ ತೋಟದವನು ಕೇಳಿದರೆ ಬಾಯಿಬಿಟ್ಟು ಹೇಳುತ್ತಾನೆ. ಪಕ್ಕದವನೂ ಹೊಡೆದರೆ ಇವನ ಹಣ್ಣೇನೂ ಸಣ್ಣದಾಗುವುದಿಲ್ಲ. ಕುಸ್ತಿಯಲ್ಲಿ ಹಾಗಲ್ಲ. ಇಂಜೆಕ್ಷನ್ ಇಬ್ಬರೂ ಚುಚ್ಚಿಕೊಂಡರೆ ಯಾರಿಗೂ ಮೇಲುಗೈ ಇಲ್ಲ, ಕೆಟ್ಟ ಮೈ ಮಾತ್ರ ಇಬ್ಬರದೂ. ಎದುರಿನವನು ತಗೊಂಡಿಲ್ಲ, ಅವನಿಗೆ ಗೊತ್ತೂ ಇಲ್ಲ ಎಂಬ ನಂಬಿಕೆಯ ಮೇಲೆಯೇ ಅದರ ಲಾಭ ನಿಂತಿದೆ. ಅಂಗಡಿಯಲ್ಲಿ ಹುಡುಗನ ದನಿ ತಗ್ಗಿದ್ದು, ಕಾಯಿಲೆಯಿಲ್ಲದ ಅವ್ವನಿಗೆ ಕಾಯಿಲೆ ಹಚ್ಚಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಮಾತು. ಜಿ.ಎ. ಅತಿಯಾದರೆ ಗೊನೆಯ ಕಾಂಡ ಬಿರುಸಾಗುತ್ತದೆ, ಹಣ್ಣು ಉದುರುತ್ತದೆ. ಬಳ್ಳಿ ಹಾಗೆ ತನ್ನ ಸಂಕಟ ಹೇಳುತ್ತದೆ, ರೈತ ಕೇಳಿಸಿಕೊಂಡು ಮುಂದಿನ ಸಲ ಕೈ ಹಿಡಿಯುತ್ತಾನೆ. ಹುಡುಗನ ಎದೆಯ ಗಡ್ಡೆಯೂ ಅಂಥದ್ದೇ ಒಂದು ಮಾತು. ಸಾಕು, ನಿಲ್ಲಿಸು ಎಂದು ಮೈ ಹೇಳುತ್ತಿದೆ. ಮಾತ್ರೆ ಮಾಡುವುದು ಆ ಬಾಯಿ ಕಟ್ಟುವ ಕೆಲಸ. ಇಂಜೆಕ್ಷನ್ ನಡೆದೇ ಇರುತ್ತದೆ, ಹೃದಯಕ್ಕೆ ಆಗುವ ಹಾನಿ ನಡೆದೇ ಇರುತ್ತದೆ. ಕನ್ನಡಿಯಲ್ಲಿ ಕಾಣುವ ಸಾಕ್ಷಿ ಮಾತ್ರ ಮಾಯ. ಎದುರಾಳಿಗೆ ಮಾಡುವ ವಂಚನೆಗಿಂತ ಇದು ಹಳೆಯದು, ಆಳವಾದದ್ದು ಎಂದು ನಮಗೆ ತೋರುತ್ತದೆ. ಬೆಳೆಗಾರನೂ ತಾನೇ, ಬಳ್ಳಿಯೂ ತಾನೇ ಆದವನು ಬಳ್ಳಿಯ ಮಾತು ಕೇಳಲಾರೆ ಎಂದರೆ ಅದಕ್ಕೆ ಬೇರೆ ಯಾರಿದ್ದಾರೆ?

ಆದರೆ ಹುಡುಗನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರನ್ನು ನೆನೆಯೋಣ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ತಂದಾಗ ನಾಡೆಲ್ಲ ಕುಣಿಯಿತು. 2011ರಲ್ಲಿ ಅವರ ಮಾದರಿಯಲ್ಲಿ ಮೆಥಾಂಡಿಯೆನೋನ್ ಎಂಬ ಸ್ಟೀರಾಯ್ಡ್ ಪತ್ತೆಯಾಯಿತು. ಉಕ್ರೇನಿನ ತರಬೇತುದಾರ ಕೊಟ್ಟ ಜಿನ್‌ಸೆಂಗ್‌ನಿಂದ ಇದು ಬಂತೆಂಬುದು ಓಟಗಾರ್ತಿಯರ ವಾದ. ತರಬೇತುದಾರರನ್ನು ಸರಕಾರ ಕಿತ್ತುಹಾಕಿತು. ಹುಡುಗಿಯರಿಗೆ ಒಂದು ವರ್ಷದ ನಿಷೇಧ, ಅದನ್ನು 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷಕ್ಕೇರಿಸಿತು. ಮೈಯೊಳಗೆ ಏನಿದೆಯೋ ಅದಕ್ಕೆ ಆ ಮೈಯ ಒಡೆಯರೇ ಹೊಣೆ ಎಂಬುದು ಕಾನೂನು. ಕೊಟ್ಟ ಕೈಗಿಂತ ನುಂಗಿದ ಬಾಯಿಗೇ ಪೆಟ್ಟು ಹೆಚ್ಚು.

ಈ ಕಾನೂನು ಎಷ್ಟು ಕಠಿಣವೆಂದರೆ, ಇಟಲಿಯ ಟೆನಿಸ್ ಆಟಗಾರ್ತಿ ಸಾರಾ ಎರ್ರಾನಿಯವರ ಮಾದರಿಯಲ್ಲಿ 2017ರಲ್ಲಿ ಲೆಟ್ರೊಝೋಲ್ ಸಿಕ್ಕಿತು. ಅದು ಅವರ ತಾಯಿ ಸ್ತನ ಕ್ಯಾನ್ಸರಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆ, ಇಡುತ್ತಿದ್ದುದು ಅಡುಗೆಮನೆಯಲ್ಲಿ. ಊಟದಲ್ಲಿ ಬಿದ್ದಿರಬೇಕೆಂಬ ವಾದವನ್ನು ಒಪ್ಪಿದರೂ ಎರಡು ತಿಂಗಳ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅದು ಹತ್ತು ತಿಂಗಳಾಯಿತು. ಅಲ್ಲಿ ತಾಯಿಯ ಕಾಯಿಲೆ ನಿಜವಾಗಿತ್ತು. ಜಲನಗರದ ಅಂಗಡಿಯಲ್ಲಿ ನಿಂತಿದ್ದಾಗ ನಮಗೆ ಇದು ನೆನಪಾಗಿರಲಿಲ್ಲ, ಆಮೇಲೆ ಆಯಿತು.

2024ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 7,113 ಮಾದರಿಗಳಲ್ಲಿ 260 ದೋಷಪೂರಿತವಾಗಿದ್ದವು. ರಾಷ್ಟ್ರೀಯ ಕಾಯ್ದೆ 2022ರಲ್ಲೇ ಬಂದಿದೆ. ಆದರೆ ಜಾತ್ರೆಯ ಕಣದ ಅಂಚಿನಲ್ಲಿ ಮೂತ್ರದ ಸೀಸೆ ಹಿಡಿದು ನಿಂತವರನ್ನು ನಾವಂತೂ ಕಂಡಿಲ್ಲ. ಅಲ್ಲಿ ನಾವು ಕೇಳುವುದು ಯಾರು ಗೆದ್ದರು ಎಂಬುದೊಂದೇ. ಗೆದ್ದವನ ಹೆಗಲಿಗೆ ಪೇಟ, ಶಾಲು. ಸೋತು ಮನೆಗೆ ಹೋದ ಹುಡುಗ ಮರುದಿನ ಯಾರ ಹತ್ತಿರ ಹೋಗುತ್ತಾನೆ, ಅವರು ಏನು ಕೊಡುತ್ತಾರೆ ಎಂದು ನಾವು ವಿಚಾರಿಸಿದ್ದುಂಟೇ? ನಮ್ಮ ತಾಲೀಮುಗಳಲ್ಲಿ ಉಸ್ತಾದರು ಹುಡುಗರ ಊಟ, ನಿದ್ದೆಯ ಲೆಕ್ಕವನ್ನೂ ಇಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಹಳೆಯದೆಲ್ಲ ಚಿನ್ನ ಎನ್ನುವವರು ನಾವಲ್ಲ, ಆದರೆ ಆ ಲೆಕ್ಕ ಈಗ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಉಳಿದೇ ಇದೆ.

ಇಷ್ಟನ್ನೂ ಆ ಸಂಜೆ ನಾವು ಹುಡುಗನಿಗೆ ಹೇಳಲಿಲ್ಲ. ಹೇಳಲು ತೋಚಲೂ ಇಲ್ಲ. ಇಂಜೆಕ್ಷನ್ ಬಿಡು, ಒಳ್ಳೆಯ ಡಾಕ್ಟರಿಗೆ ಎದೆ ತೋರಿಸು ಎಂದಷ್ಟೇ ಹೇಳಿದೆವು. ಅವನು ಬೈಕಿನ ಮೇಲೆ ಕುಳಿತು, ಕೀಲಿ ತಿರುಗಿಸದೆ ಕೇಳಿದ:

"ಈಗ ಬಿಟ್ರ ಈ ಗಡ್ಡಿ ತಾನಾ ಹೋಗತೈತೇನ್ರಿ ಕಾಕಾ?"

ಹೊಸದಾಗಿದ್ದರೆ ಹೋಗಬಹುದು, ಬಹಳ ದಿನದ್ದಾದರೆ ಕತ್ತರಿ ಹಾಕಬೇಕಾದೀತು ಎಂದೆವು. ಅವನು ತಲೆಯಾಡಿಸಿದ. ಆಮೇಲೆ, ಮನೆಯವರಿಗೆ ಹೇಳದೆ ನೋಡುವ ಡಾಕ್ಟರ್ ಯಾರಾದರೂ ಗೊತ್ತೇನು ಎಂದು ಕೇಳಿದ. ಖಾಲಾನ್ನ ನೋಡುವ ವೈದ್ಯರ ಹೆಸರನ್ನು ನಾವು ಮಾತ್ರೆಯ ಚೀಟಿಯ ಹಿಂದೆ ಬರೆದುಕೊಟ್ಟೆವು.