ದಾರಿ ಮುಚ್ಚುವುದು ಹಿಂಸೆಯೇ?

ಪೂಲ್ ಆಟದಲ್ಲಿ ಚೆಂಡನ್ನು ಪಾಕೆಟ್ಟಿಗೆ ಹಾಕುವುದಕ್ಕಿಂತ ಸೇಫ್ಟಿ ಹೊಡೆಯುವುದೇ ನನಗೆ ಇಷ್ಟ. ಬಿಳಿ ಚೆಂಡನ್ನು ನನ್ನದೇ ಚೆಂಡಿನ ಮರೆಯಲ್ಲಿ ತಂದು ನಿಲ್ಲಿಸಿಬಿಟ್ಟರೆ ಎದುರಾಳಿಗೆ ನೇರ ದಾರಿ ಇಲ್ಲ. ಕುಮಟೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ಭಟ್ಕಳದ ಒಂದು ಪೂಲ್ ಪಾರ್ಲರಿನಲ್ಲಿ ಒಬ್ಬನೇ ಇದನ್ನು ಅಭ್ಯಾಸ ಮಾಡುತ್ತೇನೆ. ದುಬೈಯಿಂದ ರಜೆಗೆ ಬಂದಿದ್ದ ನವಾಯತ ಸಮುದಾಯದ ಹುಡುಗನೊಬ್ಬ ನನ್ನ ಜೊತೆ ಆಡಿ ಬೇಸತ್ತು ಕೇಳಿಯೇಬಿಟ್ಟ: “ಮಾಸ್ತರೆ, ನೀವೂ ಹಾಕುದಿಲ್ಲ, ನಮಗೂ ಹಾಕುಕೆ ಬಿಡುದಿಲ್ಲ. ಇದು ಪಾಪ ಅಲ್ವಾ?”

ತಮಾಷೆಗೆ ಕೇಳಿದ್ದಾದರೂ ಪ್ರಶ್ನೆ ಹಗುರವಲ್ಲ. ಪಾಪವೋ ಅಲ್ಲವೋ ಎನ್ನಲು, ಅದರಲ್ಲಿ ಹಿಂಸೆ ಇದೆಯೇ ಎಂದು ಮೊದಲು ನೋಡಬೇಕು.

ಜೈನರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಮನೆಗೆಲಸದಲ್ಲಿ ತಪ್ಪಿಸಲಾಗದ್ದು ಆರಂಭಿ, ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವುದು ಉದ್ಯೋಗಿ, ತನ್ನನ್ನೂ ತನ್ನವರನ್ನೂ ಕಾಯುವಾಗ ಆಗುವುದು ವಿರೋಧಿ, ಬೇಕೆಂದೇ ಮಾಡುವುದು ಸಂಕಲ್ಪಿ. ಮುನಿ ನಾಲ್ಕನ್ನೂ ಬಿಡಬೇಕು. ಸಂಸಾರಿ ಕೊನೆಯದನ್ನಾದರೂ ಬಿಡಲೇಬೇಕು. ಭಟ್ಕಳದ ಚಂದ್ರನಾಥ ಬಸದಿ, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ಚತುರ್ಮುಖ ಬಸದಿ ಇರುವ ಈ ಸೀಮೆಗೆ ಇದು ಹೊರಗಿನ ಮಾತಲ್ಲ. ಪೋರ್ಚುಗೀಸರನ್ನು ಎದುರಿಸಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಜೈನಳೇ. ಕುಮಟೆ ಬಳಿಯ ಮಿರ್ಜಾನ್ ಕೋಟೆ ಕಟ್ಟಿಸಿದ ಹೆಸರೂ ಅವಳದೇ. ಚಿರೆಕಲ್ಲಿನ ಆ ಗೋಡೆ, ಆ ಕಂದಕ ಬಂದವರನ್ನು ತಡೆಯುತ್ತವೆ. ತಾವಾಗಿ ಯಾರ ಮೇಲೂ ಏರಿ ಹೋಗುವುದಿಲ್ಲ.

ಹಾಗಾದರೆ ಸೇಫ್ಟಿ ಯಾವ ಬಗೆಯದು? ಆಟದ ನಿಯಮವೇ ಅರ್ಧ ಉತ್ತರ ಕೊಡುತ್ತದೆ. ಬಿಳಿ ಚೆಂಡು ಬೇರೊಂದು ಚೆಂಡಿಗೆ ತಾಗಿದ ಮೇಲೆ ಒಂದೋ ಚೆಂಡು ಪಾಕೆಟ್ಟಿಗೆ ಬೀಳಬೇಕು, ಇಲ್ಲವೇ ಯಾವುದಾದರೂ ಚೆಂಡು ಕುಶನ್ನಿಗೆ ಮುಟ್ಟಬೇಕು. ಎರಡೂ ಆಗದಿದ್ದರೆ ಫೌಲ್. ಆಗ ಎದುರಾಳಿ ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟುಕೊಂಡು ಆಡಬಹುದು. ಸುಮ್ಮನೆ ತಳ್ಳಿ ಕೈಕಟ್ಟಿ ನಿಲ್ಲಲು ಇಲ್ಲಿ ಅವಕಾಶವಿಲ್ಲ. ಏಟ್-ಬಾಲ್ ಆಟದಲ್ಲಿ “ಸೇಫ್ಟಿ” ಎಂದು ಮೊದಲೇ ಹೇಳಿಯೂ ಹೊಡೆಯಬಹುದು. ಆಗ ನನ್ನ ಚೆಂಡು ಬಿದ್ದರೂ ಸರದಿ ಎದುರಾಳಿಯದೇ. ಚೆಂಡನ್ನು ಅಡಗಿಸುತ್ತೇನೆ, ಉದ್ದೇಶವನ್ನು ಅಡಗಿಸುವುದಿಲ್ಲ.

ಉಳಿದರ್ಧ ಉತ್ತರವನ್ನು ಅಭ್ಯಾಸದಲ್ಲಿ ಹುಡುಕಬೇಕು. ಪ್ರತಿ ಹೊಡೆತವಾದ ಮೇಲೆ ನಾನು ಟೇಬಲ್ ಸುತ್ತಿ ಹೋಗಿ, ಬಿಳಿ ಚೆಂಡಿನ ಹಿಂದೆ ಬಗ್ಗಿ ಎದುರಾಳಿಯಾಗಿ ನೋಡುತ್ತೇನೆ. ಯಾವ ಚೆಂಡು ಕಾಣುತ್ತದೆ? ಕುಶನ್ನಿಗೆ ಹೊಡೆದು ತಿರುಗಿಸಿ ಮುಟ್ಟಬಹುದೇ? ಇನ್ನೊಬ್ಬನ ಜಾಗದಲ್ಲಿ ನಿಂತು ನೋಡದವನಿಗೆ ದಾರಿ ಮುಚ್ಚಲೂ ಬರುವುದಿಲ್ಲ. ಆದರೆ ಹಾಗೆ ನೋಡಿದ ಮಾತ್ರಕ್ಕೆ ಕರುಣೆ ಹುಟ್ಟಿತು ಎನ್ನಲಾಗದು. ನೋವು ಎಲ್ಲಿ ತಾಗುತ್ತದೆಂಬುದು ಹಿಂಸಿಸುವವನಿಗೂ ಚೆನ್ನಾಗಿ ಗೊತ್ತಿರುತ್ತದೆ.

ನನಗೆ ಹಾಕಲು ಚೆಂಡಿಲ್ಲದಾಗ ಅವನಿಗೂ ಬಿಟ್ಟುಕೊಡದಿರುವುದು ನನ್ನನ್ನು ಕಾದುಕೊಳ್ಳುವುದು, ಅಂದರೆ ವಿರೋಧಿ. ಗೆಲುವು ಕೈಯಲ್ಲಿದ್ದೂ, ಎಳೆಯ ಆಟಗಾರ ತಡಕಾಡುವುದನ್ನು ನೋಡಲೆಂದೇ ಮತ್ತೆ ಮತ್ತೆ ಅಡಗಿಸಿದರೆ ಅದು ಸಂಕಲ್ಪಿ. ಎರಡರಲ್ಲೂ ಹೊಡೆತ ಒಂದೇ. ರೆಫರಿಗೆ ವ್ಯತ್ಯಾಸ ತಿಳಿಯದು.

ಆಡುವವನಿಗೆ ಮಾತ್ರ ತಿಳಿಯುತ್ತದೆ. ನಾನು ಮುಚ್ಚಿದ ದಾರಿಯನ್ನು ಅವನು ಎರಡು ಕುಶನ್ ಸುತ್ತಿಸಿ ಬಿಡಿಸಿಕೊಂಡಾಗ “ಭಲೇ” ಎನ್ನುವ ಮನಸ್ಸು ನನಗಿದ್ದರೆ ಪಾಪವಿಲ್ಲ. ಹೊಟ್ಟೆ ಉರಿದರೆ, ಅವತ್ತು ಕ್ಯೂ ಕೆಳಗಿಟ್ಟು ಮನೆಗೆ ಹೋಗುವುದೇ ಲೇಸು.